ಹಳೆಯ ಊದ್‌ಗೆ ಹೊಸ ದಂಡಿ

ದೇವರ ಮುಂದೆ ಊದಿನಕಡ್ಡಿ ಹಚ್ಚುವಾಗ ನಾವು ಒಂದು ಅರಬ್ಬಿ ಶಬ್ದವನ್ನು ಬಳಸುತ್ತಿದ್ದೇವೆ ಎಂಬುದು ಎಷ್ಟು ಮಂದಿಗೆ ಗೊತ್ತು? ಅರಬ್ಬಿಯಲ್ಲಿ ‘ಊದ್’ ಎಂದರೆ ಮರ, ಮರದ ತುಂಡು, ಕಡ್ಡಿ. ಸುವಾಸನೆ ಬೀರುವ ಅಗರು ಮರಕ್ಕೂ ಅದೇ ಹೆಸರು. ಪರಿಮಳದ ಹಾದಿ ಹಿಡಿದ ಆ ಶಬ್ದ ನಮ್ಮ ಮನೆಗಳಿಗೆ ಬಂದು ಊದುಬತ್ತಿಯಾಯಿತು. ನಾದದ ಹಾದಿ ಹಿಡಿದದ್ದು ಪಶ್ಚಿಮಕ್ಕೆ ಹೊರಟಿತು. ‘ಅಲ್ ಊದ್’ ಎಂಬ ವಾದ್ಯ ಸ್ಪೇನಿನಲ್ಲಿ ಲಾಉದ್ ಆಯಿತು, ಫ್ರಾನ್ಸಿನಲ್ಲಿ ಲ್ಯೂತ್, ಜರ್ಮನಿಯಲ್ಲಿ ಲೌಟೆ, ಇಂಗ್ಲೆಂಡಿನಲ್ಲಿ ಲ್ಯೂಟ್.

ಹೆಸರು ಕೇಳಿ ಇದು ಕೊಳಲಿನ ಹಾಗೆ ಊದುವ ವಾದ್ಯ ಎಂದುಕೊಳ್ಳಬೇಡಿ. ಇದು ಮೀಟುವ ವಾದ್ಯ. ದೊಡ್ಡ ಪಪ್ಪಾಯಿ ಹಣ್ಣೊಂದನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಬೋರಲು ಹಾಕಿದರೆ ಹೇಗೋ ಹಾಗಿರುತ್ತದೆ ಇದರ ಬೆನ್ನು. ಕಾಯಿಸಿ ಬಾಗಿಸಿದ ತೆಳ್ಳನೆಯ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಆ ಬುರುಡೆಯನ್ನು ಕಟ್ಟುತ್ತಾರೆ. ಮೇಲೆ ಸಪಾಟಾದ ಹಲಗೆ, ಒಂದು ಕಡೆ ಗಿಡ್ಡ ದಂಡಿ, ದಂಡಿಯ ತುದಿಯಲ್ಲಿ ಹಿಂದಕ್ಕೆ ಬಾಗಿದ ಬಿರಡೆಗಳ ಪೆಟ್ಟಿಗೆ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಜನರಲ್ಲಿ ಅನೇಕರು ಇದನ್ನು ಅಂಗಡಿಗಳಲ್ಲಿ ಕಂಡಿರುತ್ತಾರೆ, ಮದುವೆ ಮನೆಗಳಲ್ಲಿ ಕೇಳಿರುತ್ತಾರೆ.

ಯೂರೋಪಿನ ಮನೆಗಳಲ್ಲಿ ಇದಕ್ಕೆ ಇನ್ನೊಂದು ಜೀವನವಿದೆ. ಕೈರೋ, ಡಮಾಸ್ಕಸ್, ಇಸ್ತಾಂಬುಲ್‌ಗಳಿಗೆ ಪ್ರವಾಸ ಹೋದವರು ಒಂದು ಊದ್ ಕೊಂಡು ತರುತ್ತಾರೆ. ಸ್ವಲ್ಪ ದಿನ ಟಿಂಗ್ ಟಿಂಗ್ ಎನ್ನಿಸಿ ಗೋಡೆಗೆ ನೇತುಹಾಕುತ್ತಾರೆ. ಚಳಿಗಾಲದ ಬೆಂಕಿಗೂಡಿನ ಒಣಹವೆಗೆ ಹಲಗೆ ಸೀಳುತ್ತದೆ, ದಂಡಿ ಸಡಿಲವಾಗುತ್ತದೆ. ಕೊನೆಗೆ ಅದು ಹಳೆಯ ಸಾಮಾನಿನ ಸಂತೆಗೆ ಬರುತ್ತದೆ. ಅದೇ ಊರಿನಲ್ಲಿ ಲ್ಯೂಟ್ ಕಲಿಯಬೇಕೆಂದು ಆಸೆಪಡುವ ಹುಡುಗನೊಬ್ಬ ಇರುತ್ತಾನೆ. ಒಳ್ಳೆಯ ಕುಶಲಿಗಳ ಕೈಯಲ್ಲಿ ಲ್ಯೂಟ್ ಮಾಡಿಸಬೇಕೆಂದರೆ ಸಾವಿರಾರು ಯೂರೋ ಬೇಕು, ಸರದಿಯಲ್ಲಿ ತಿಂಗಳುಗಟ್ಟಲೆ ಕಾಯಲೂಬೇಕು. ಸಂತೆಯ ಊದ್ ಅವನ ಕಣ್ಣಿಗೆ ಬೀಳುತ್ತದೆ. ತಾಯಿಯನ್ನೇ ಮಗಳ ಹಾಗೆ ಸಿಂಗರಿಸಿದರೆ ಹೇಗೆ ಎಂಬ ಯೋಚನೆ ಹೊಳೆಯುತ್ತದೆ.

ಆಗುವ ಕೆಲಸವೇ ಇದು? ಆಗುತ್ತದೆ, ಮಾಡಿದವರೂ ಇದ್ದಾರೆ. ಆದರೆ ಎಷ್ಟರ ಮಟ್ಟಿಗೆ ಆಗುತ್ತದೆ, ಯಾವ ಊದ್‌ಗೆ ಆಗಬಾರದು ಎಂಬುದನ್ನು ತಿಳಿಯಲು ಗಣಿತ ಸ್ವಲ್ಪ ಬೇಕು, ಚರಿತ್ರೆ ಸ್ವಲ್ಪ ಹೆಚ್ಚೇ ಬೇಕು.

ಹನ್ನೊಂದು ತಂತಿಗಳ ಸ್ವಾರಸ್ಯ

ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ತಂತಿಗಳನ್ನು ಎಣಿಸೋಣ. ಸಾಮಾನ್ಯ ಊದ್‌ಗೆ ಹನ್ನೊಂದು ತಂತಿ. 1500ರ ಸುಮಾರಿನ ಯೂರೋಪಿನ ಲ್ಯೂಟ್‌ಗೂ ಹನ್ನೊಂದೇ. ಎರಡರಲ್ಲೂ ಐದು ಜೋಡಿ, ಒಂದು ಒಂಟಿ. ಊದ್‌ನಲ್ಲಿ ಆ ಒಂಟಿ ತಂತಿ ಮಂದ್ರದ ಕಡೆಗಿರುತ್ತದೆ, ಎಲ್ಲಕ್ಕಿಂತ ದಪ್ಪ ತಂತಿ ಅದು. ಲ್ಯೂಟ್‌ನಲ್ಲಿ ಒಂಟಿ ತಂತಿ ತಾರದ ಕಡೆಗೆ, ಎಲ್ಲಕ್ಕಿಂತ ತೆಳ್ಳಗಿನದು. ಲೆಕ್ಕಕ್ಕೆ ಒಂದೇ, ಒಂಟಿಯವನು ಮಾತ್ರ ಈ ದಡದಿಂದ ಆ ದಡಕ್ಕೆ ದಾಟಿದ್ದಾನೆ.

ಅವನು ದಾಟಿದ್ದು ಸುಮ್ಮನೆ ಅಲ್ಲ. ಊದ್ ನುಡಿಸುವುದು ಉದ್ದನೆಯ ಮೀಟುಕಡ್ಡಿಯಿಂದ. ಹಿಂದೆ ಹದ್ದಿನ ಗರಿಯನ್ನು ಬಳಸುತ್ತಿದ್ದರು. ಕಡ್ಡಿಯಲ್ಲಿ ನುಡಿಸುವಾಗ ಸಂಗೀತ ಒಂದೇ ಎಳೆಯಲ್ಲಿ ಹರಿಯುತ್ತದೆ, ನಮ್ಮ ಸಂಗೀತದ ಹಾಗೆಯೇ. 15ನೇ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನ ವಾದಕರು ಕಡ್ಡಿಯನ್ನು ಕೆಳಗಿಟ್ಟು ಬೆರಳುಗಳಿಂದಲೇ ಮೀಟತೊಡಗಿದರು. ಅವರ ಸಂಗೀತ ಆಗ ಮೂರು ನಾಲ್ಕು ಎಳೆಗಳನ್ನು ಒಟ್ಟಿಗೆ ನೇಯುವ ಕಡೆಗೆ ಹೊರಳಿತ್ತು. ಒಬ್ಬನೇ ಕುಳಿತು ನಾಲ್ವರು ಹಾಡುವುದನ್ನು ನುಡಿಸಬೇಕು. ಮೇಲಿನ ಎಳೆ ಸ್ಪಷ್ಟವಾಗಿ ಕೇಳಬೇಕಾದರೆ ಅಲ್ಲಿ ಒಂದೇ ತಂತಿ ಇದ್ದರೆ ಚೆನ್ನ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಊದ್‌ನ ದಂಡಿ ಬೋಳು, ಮೆಟ್ಟಿಲುಗಳಿಲ್ಲ. ಲ್ಯೂಟ್‌ನ ದಂಡಿಗೆ ಮೆಟ್ಟಿಲುಗಳಿವೆ. ನಮ್ಮ ವೀಣೆಯಲ್ಲಿ ಮೇಣದ ಮೇಲೆ 24 ಲೋಹದ ಮೆಟ್ಟಿಲುಗಳನ್ನು ಕೂರಿಸುತ್ತಾರಲ್ಲ, ಲ್ಯೂಟ್‌ನಲ್ಲಿ ಹಾಗಲ್ಲ. ಕುರಿಯ ಕರುಳಿನಿಂದ ಹುರಿಮಾಡಿದ ತಂತಿಯನ್ನು ದಂಡಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದರೆ ಅದೇ ಮೆಟ್ಟಿಲು. ಬೇಕಾದರೆ ಹೆಬ್ಬೆರಳಿನಿಂದ ಒತ್ತಿ ಕೂದಲೆಳೆಯಷ್ಟು ಆಚೀಚೆ ಸರಿಸಬಹುದು.

ಮೆಟ್ಟಿಲು ಬಂದದ್ದರಿಂದ ಇನ್ನೊಂದು ಅನುಕೂಲವಾಯಿತು. ಯಾವ ತಂತಿ, ಎಷ್ಟನೇ ಮೆಟ್ಟಿಲು ಎಂದು ಗೆರೆಗಳ ಮೇಲೆ ಅಂಕೆ ಅಥವಾ ಅಕ್ಷರ ಬರೆದರೆ ಸಾಕು, ಸ್ವರಜ್ಞಾನವಿಲ್ಲದವನೂ ನೋಡಿಕೊಂಡು ನುಡಿಸಬಹುದು. 1507ರಲ್ಲಿ ವೆನಿಸ್‌ನ ಪೆಟ್ರುಚ್ಚಿ ಎಂಬ ಮುದ್ರಕ ಇಂಥ ಬರಹದ ಲ್ಯೂಟ್ ಪುಸ್ತಕವನ್ನು ಅಚ್ಚುಹಾಕಿದ. ಮುಂದೆ ಎರಡು ಶತಮಾನ ಯೂರೋಪಿನಲ್ಲಿ ಲ್ಯೂಟ್‌ನದೇ ದರ್ಬಾರು.

ಮುನ್ನೂರು ವರ್ಷದ ರಿಪೇರಿ

ಊದ್ ಒಂದು ರಾತ್ರಿಯಲ್ಲಿ ಲ್ಯೂಟ್ ಆದದ್ದಲ್ಲ. ಅರಬ್ಬರು ಮತ್ತು ಬರ್ಬರರು ಸ್ಪೇನಿಗೆ ಕಾಲಿಟ್ಟದ್ದು 711ರಲ್ಲಿ. ಬಾಗ್ದಾದಿನಿಂದ ಹೊರಟ ಜಿರ್ಯಾಬ್ ಎಂಬ ಗಾಯಕ 822ರಲ್ಲಿ ಕಾರ್ಡೋವಾ ಮುಟ್ಟಿದ. ನಾಲ್ಕು ತಂತಿಯ ಊದ್‌ಗೆ ಐದನೆಯದನ್ನು ಸೇರಿಸಿದವನೂ ಮರದ ಕಡ್ಡಿಯ ಬದಲು ಹದ್ದಿನ ಗರಿ ಹಿಡಿದವನೂ ಅವನೇ ಎಂದು ಅರಬ್ಬಿ ಬರಹಗಾರರು ಹೇಳುತ್ತಾರೆ. ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ 12ನೇ ಶತಮಾನದ ಅರಮನೆಯ ಪ್ರಾರ್ಥನಾ ಮಂದಿರವೊಂದಿದೆ. ಕಟ್ಟಿಸಿದವನು ಕ್ರೈಸ್ತ ದೊರೆ, ಚಾವಣಿಯ ಚಿತ್ರಗಳದು ಅರಬ್ಬಿ ಶೈಲಿ. ಅಲ್ಲಿ ಊದ್ ನುಡಿಸುವವರು ಇಂದಿಗೂ ಕುಳಿತಿದ್ದಾರೆ. 13ನೇ ಶತಮಾನದಲ್ಲಿ ಸ್ಪೇನಿನ ದೊರೆ ಹತ್ತನೇ ಅಲ್ಫೊನ್ಸೊ ಬರೆಸಿದ ಹಾಡುಗಳ ಹಸ್ತಪ್ರತಿಯ ಚಿತ್ರಗಳಲ್ಲೂ ಇಂಥ ವಾದ್ಯಗಳಿವೆ.

ಯೂರೋಪಿನವರು ಇದನ್ನು ತಮ್ಮದು ಮಾಡಿಕೊಂಡ ಕುರುಹು ಸ್ಪಷ್ಟವಾಗಿ ಕಾಣುವುದು 1440ರ ಸುಮಾರಿಗೆ. ಬರ್ಗಂಡಿಯ ಆಸ್ಥಾನದಲ್ಲಿದ್ದ ಆರ್ನೋ ಎಂಬ ವೈದ್ಯ, ಖಗೋಳವನ್ನೂ ಬಲ್ಲವನು, ಕೈವಾರ ಹಿಡಿದು ಲ್ಯೂಟ್‌ನ ನಕ್ಷೆ ಬರೆದ. ಇಷ್ಟು ಅಗಲವಿದ್ದರೆ ಕುದುರೆ ಇಲ್ಲಿ, ನಾದರಂಧ್ರ ಇಲ್ಲಿ ಎಂದು ಎಲ್ಲವೂ ವೃತ್ತ ಮತ್ತು ಭಾಗಲೆಕ್ಕದಲ್ಲಿ. ವೈದ್ಯನಿಗೇಕೆ ಬಡಗಿಯ ಕೆಲಸ ಎಂದು ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲವೆಂದು ಕಾಣುತ್ತದೆ.

ಹಳೆಯ ಬುರುಡೆಗೆ ಹೊಸ ದಂಡಿ ಹಾಕುವ ಕೆಲಸವೂ ಹೊಸದಲ್ಲ. ಇಟಲಿಯ ಬೊಲೊನ್ಯಾ ನಗರದಲ್ಲಿ ನೆಲೆಸಿದ್ದ ಜರ್ಮನ್ ಕುಶಲಿ ಲೌಕ್ಸ್ ಮಾಲರ್ 1552ರಲ್ಲಿ ತೀರಿಕೊಂಡ. ಆಗ ಅವನ ಕಾರ್ಖಾನೆಯಲ್ಲಿ ಸಾವಿರಕ್ಕೂ ಹೆಚ್ಚು ಲ್ಯೂಟ್‌ಗಳ ಲೆಕ್ಕ ಸಿಕ್ಕಿತು. ಅವು ಆರು ಸಾಲು ತಂತಿಯ ವಾದ್ಯಗಳು. ನೂರು ವರ್ಷ ಕಳೆಯುವ ಹೊತ್ತಿಗೆ ಫ್ರಾನ್ಸಿನ ವಾದಕರಿಗೆ ಹನ್ನೊಂದು ಸಾಲು ಬೇಕಾಯಿತು. ಅವರು ಮಾಲರನ ಲ್ಯೂಟ್‌ಗಳನ್ನು ಎಸೆಯಲಿಲ್ಲ. ಹುಡುಕಿ ಹುಡುಕಿ ಕೊಂಡು, ಹಳೆಯ ದಂಡಿ ತೆಗೆಸಿ, ಅಗಲವಾದ ಹೊಸ ದಂಡಿ ಹಾಕಿಸಿದರು. ಇಂಗ್ಲೆಂಡಿನ ಥಾಮಸ್ ಮೇಸ್ 1676ರ ತನ್ನ ಪುಸ್ತಕದಲ್ಲಿ, ಬಿರುಕುಬಿಟ್ಟು ಜಜ್ಜಿಹೋದ ಇಂಥ ಮುದಿ ಲ್ಯೂಟ್‌ಗೆ ನೂರು ಪೌಂಡ್ ಬೆಲೆ ಬರುತ್ತದೆಂದು ಬರೆದಿದ್ದಾನೆ. ಇವತ್ತು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಮಾಲರನ ಲ್ಯೂಟ್‌ಗಳಲ್ಲಿ ಬುರುಡೆ ಅವನದು, ದಂಡಿ ಇನ್ನಾರದೋ.

ಈ ಮೇಸ್ ಬಹಳ ಸ್ವಾರಸ್ಯದ ಮನುಷ್ಯ. ಲ್ಯೂಟ್‌ಗೆ ತೇವ ತಾಗದಂತೆ ಹಗಲು ಹೊತ್ತು ಅದನ್ನು ದಿನವೂ ಮಲಗುವ ಹಾಸಿಗೆಯಲ್ಲಿ ಹೊದಿಕೆಯೊಳಗೆ ಮಲಗಿಸಿಡಿ ಎಂದು ಅವನ ಸಲಹೆ. ನಾವು ಮಗುವನ್ನು ಮಲಗಿಸಿದ ಹಾಗೆ. ಜೊತೆಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮೇಲ್ಹಲಗೆ ಬಿಚ್ಚಿ ಸರಿಮಾಡಬೇಕಾಗಬಹುದು ಎಂದೂ ಹೇಳುತ್ತಾನೆ. ಇಂದಿನ ನಮ್ಮ ಹುಡುಗನಿಗೆ ಬೇಕಾದದ್ದು ಈ ಎರಡನೆಯ ಮಾತು. ಈ ವಾದ್ಯಗಳನ್ನು ಬಿಚ್ಚಲಿಕ್ಕೆಂದೇ ಕಟ್ಟಿರುತ್ತಾರೆ.

ಮೊದಲು ಒಳಗೆ ಇಣುಕಿ

ಬಿಚ್ಚುವ ಮುಂಚೆ ಒಂದು ಕೆಲಸ. ಸಣ್ಣ ಬ್ಯಾಟರಿ ದೀಪ ಹಿಡಿದು ನಾದರಂಧ್ರದ ಜಾಲರಿಯ ಮೂಲಕ ಬುರುಡೆಯ ಒಳಗೆ ನೋಡಬೇಕು. ಅಲ್ಲೊಂದು ಚೀಟಿ ಅಂಟಿಸಿರಬಹುದು. ಮಾಡಿದವನ ಹೆಸರು, ಊರು, ಇಸವಿ ಇರಬಹುದು. ಇಸವಿ ನೋಡಿ ಗಾಬರಿಯಾಗಬೇಡಿ. 1330 ಎಂದಿದ್ದರೆ ಅದು ಹಿಜರಿ ಶಕೆ, ನಮ್ಮ ಲೆಕ್ಕದಲ್ಲಿ 1912ರ ಸುಮಾರು.

ಚೀಟಿಯಲ್ಲಿ ಡಮಾಸ್ಕಸ್‌ನ ನಹಾತ್ ಮನೆತನದ ಹೆಸರಿದ್ದರೆ, ಇಸ್ತಾಂಬುಲ್‌ನ ಮಾನೋಲ್ (1845–1915) ಹೆಸರಿದ್ದರೆ ಉಳಿಯನ್ನು ಕೆಳಗಿಡಬೇಕು. ಅವು ಆ ನಾಡುಗಳ ಸ್ಟ್ರಾಡಿವೇರಿಯಸ್ ಪಿಟೀಲುಗಳು. ಅಂಥದ್ದನ್ನು ಲ್ಯೂಟ್ ಮಾಡಲು ಹೊರಡುವುದು ತಾಳೆಗರಿ ಕಟ್ಟನ್ನು ಒಲೆ ಹಚ್ಚಲು ಬಳಸಿದ ಹಾಗೆ. ಹೆಸರು ತಿಳಿಯದಿದ್ದರೂ ಪಟ್ಟಿಗಳ ಜೋಡಣೆ ಅಚ್ಚುಕಟ್ಟಾಗಿದ್ದರೆ, ಊದ್ ಬಲ್ಲವರಿಗೆ ಒಮ್ಮೆ ತೋರಿಸದೆ ಮುಂದುವರಿಯಬಾರದು. 2011ರಲ್ಲಿ ಆರಂಭವಾದ ಸಿರಿಯಾದ ಯುದ್ಧದಲ್ಲಿ ಎಷ್ಟೋ ಕುಶಲಿಗಳು ಮನೆಮಠ ಬಿಟ್ಟು ಚದುರಿಹೋದರು. 2022ರಲ್ಲಿ ಯುನೆಸ್ಕೊ ಊದ್ ತಯಾರಿಸುವ ಮತ್ತು ನುಡಿಸುವ ಕಲೆಯನ್ನು ಸಿರಿಯಾ ಮತ್ತು ಇರಾನ್ ದೇಶಗಳ ಹೆಸರಿನಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹೀಗಿರುವಾಗ ಒಂದು ಹಳೆಯ ಡಮಾಸ್ಕಸ್ ಊದ್ ಎಂದರೆ ಬರಿಯ ಕಚ್ಚಾ ಸಾಮಗ್ರಿ ಅಲ್ಲ.

ಪ್ರವಾಸಿಗಳಿಗೆಂದೇ ರಾಶಿ ಹಾಕಿ ಮಾರುವ ಅಗ್ಗದ ಊದ್ ಆಗಿದ್ದು, ಹಲಗೆ ಈಗಾಗಲೇ ಸೀಳಿದ್ದರೆ, ನುಡಿಸುವವರು ಯಾರೂ ಇಲ್ಲದಿದ್ದರೆ ಆಗ ಮಾತ್ರ ಮುಂದಿನ ಮಾತು.

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ

ವಿದ್ಯಾರ್ಥಿ ಮಿತ್ರರು ಈಗ ಲೆಕ್ಕಕ್ಕೆ ಕೂರಬೇಕು. ಊದ್‌ನ ತಂತಿಯ ಉದ್ದ, ಅಂದರೆ ಬಿರಡೆ ಪೆಟ್ಟಿಗೆಯ ಬುಡದಲ್ಲಿರುವ ಸಣ್ಣ ಪಟ್ಟಿಯಿಂದ (ಅದನ್ನು ಮೇರು ಎನ್ನೋಣ) ಹಲಗೆಯ ಮೇಲಿನ ಕುದುರೆಯವರೆಗೆ, ತುರ್ಕಿಯ ವಾದ್ಯಗಳಲ್ಲಿ ಸುಮಾರು 58.5, ಅರಬ್ಬರಲ್ಲಿ ಸುಮಾರು 61 ಸೆಂಟಿಮೀಟರ್. ಸುಲಭವಾಗಲೆಂದು 600 ಮಿಲಿಮೀಟರ್ ಎಂದು ಹಿಡಿಯೋಣ. ದಂಡಿ ಅದರ ಮೂರನೇ ಒಂದು ಭಾಗ, 200 ಮಿ.ಮೀ. ಉಳಿದ 400 ಬುರುಡೆಯ ಮೇಲೆ.

ಮೆಟ್ಟಿಲುಗಳನ್ನು ಎಲ್ಲಿ ಕಟ್ಟಬೇಕು? ಇದಕ್ಕೊಂದು ಸೂತ್ರವನ್ನು 1581ರಲ್ಲಿ ಕೊಟ್ಟವನು ವಿನ್ಚೆಂಜೊ ಗೆಲಿಲೈ. ಹೌದು, ದೂರದರ್ಶಕದ ಗೆಲಿಲಿಯೊನ ತಂದೆ. ಆತ ಲ್ಯೂಟ್ ವಾದಕ, ಮಗನಿಗೂ ಲ್ಯೂಟ್ ಬರುತ್ತಿತ್ತು. ತಂತಿಗೆ ತೂಕ ಕಟ್ಟಿ ಪರೀಕ್ಷೆ ಮಾಡಿ, ಮೇಲಿನ ಷಡ್ಜ ಬರಬೇಕಾದರೆ ತೂಕ ಎರಡರಷ್ಟಲ್ಲ, ನಾಲ್ಕರಷ್ಟು ಬೇಕೆಂದು ತೋರಿಸಿದವನೂ ಈ ತಂದೆಯೇ. ಸಾವಿರ ವರ್ಷಗಳಿಂದ ಪುಸ್ತಕಗಳಲ್ಲಿದ್ದ ತಪ್ಪನ್ನು ಮಾಡಿ ನೋಡಿ ತಿದ್ದುವ ಅಭ್ಯಾಸ ಮಗನಿಗೆ ಎಲ್ಲಿಂದ ಬಂತೆಂದು ಊಹಿಸಬಹುದು.

ಅವನ ಸೂತ್ರ ಹೀಗಿದೆ: ತಂತಿಯ ಉದ್ದವನ್ನು 18ರಿಂದ ಭಾಗಿಸಿ, ಬಂದಷ್ಟು ದೂರಕ್ಕೆ ಮೊದಲ ಮೆಟ್ಟಿಲು. ಉಳಿದ ಉದ್ದವನ್ನು ಮತ್ತೆ 18ರಿಂದ ಭಾಗಿಸಿದರೆ ಎರಡನೆಯದು. ಹಾಗೇ ಮುಂದಕ್ಕೆ. 600ಕ್ಕೆ ಮೊದಲ ಮೆಟ್ಟಿಲು ಮೇರುವಿನಿಂದ 33.3 ಮಿ.ಮೀ. ದೂರದಲ್ಲಿ. ಎರಡನೆಯದು 64.8, ಮೂರನೆಯದು 94.5, ನಾಲ್ಕನೆಯದು 122.6. ಏಳನೆಯದು ಎಲ್ಲಿ ಬರುತ್ತದೆ ನೋಡಿ, 198ರ ಹತ್ತಿರ. ದಂಡಿ ಮುಗಿಯುವುದು 200ಕ್ಕೆ. ಎಂಟನೆಯದು 220ಕ್ಕೆ ಬಿದ್ದು ಬುರುಡೆಯ ಮೇಲೆ ಹತ್ತಿಬಿಡುತ್ತದೆ. ಅಲ್ಲಿ ಕರುಳಿನ ತಂತಿ ಸುತ್ತಿ ಗಂಟು ಹಾಕಲು ಸಾಧ್ಯವೇ ಇಲ್ಲ.

ಲ್ಯೂಟ್‌ನ ದಂಡಿಗೆ ಎಂಟಾದರೂ ಮೆಟ್ಟಿಲು ಬೇಕು. ಬುರುಡೆಯ ಮೇಲಿನ 400 ಮಿ.ಮೀ.ಯನ್ನು ಹಾಗೇ ಉಳಿಸಿಕೊಂಡು ಎಂಟನೇ ಮೆಟ್ಟಿಲು ದಂಡಿಯ ಬುಡಕ್ಕೆ ಬರಬೇಕಾದರೆ ತಂತಿ ಎಷ್ಟು ಉದ್ದವಿರಬೇಕು? ನೀವೇ ಮಾಡಿ ನೋಡಿ, 632 ಬರುತ್ತದೆ. ದಂಡಿ 232. ಮೂರು ಸೆಂಟಿಮೀಟರ್ ಉದ್ದದ ಹೊಸ ದಂಡಿ ಬೇಕೆಂಬುದು ಇಲ್ಲಿ ತೀರ್ಮಾನವಾಯಿತು. ಅಗಲವೂ ಸ್ವಲ್ಪ ಹೆಚ್ಚಬೇಕು, ಏಕೆಂದರೆ ಬೆರಳಿನಿಂದ ನುಡಿಸುವಾಗ ತಂತಿಗಳ ನಡುವೆ ಜಾಗ ಬೇಕು. (ಗೆಲಿಲೈ ಸೂತ್ರದಲ್ಲಿ ಒಂದು ಸಣ್ಣ ಕೊರತೆ ಇದೆ. ಹನ್ನೆರಡನೇ ಮೆಟ್ಟಿಲು ಸರಿಯಾಗಿ ನಡುವೆ, 300ಕ್ಕೆ ಬರಬೇಕು. ಬರುವುದು ಎರಡು ಮಿ.ಮೀ. ಹಿಂದೆ. ಇಂದಿನವರು 18ರ ಬದಲು 17.817 ಬಳಸುತ್ತಾರೆ.)

ಉದ್ದ ಹೆಚ್ಚಿಸಿದ್ದಕ್ಕೆ ತೆರಬೇಕಾದ ಸುಂಕವೂ ಉಂಟು. 60 ಸೆಂ.ಮೀ. ಲ್ಯೂಟ್‌ನಲ್ಲಿ ತೆಳ್ಳಗಿನ ಕರುಳಿನ ತಂತಿ ಸೆಕೆಂಡಿಗೆ 392 ಕಂಪನಗಳ ಶ್ರುತಿಯವರೆಗೆ ಏರುತ್ತದೆ. ಅದು ಹೆಚ್ಚುಕಡಿಮೆ ತಂತಿ ಹರಿಯುವ ಅಂಚು. 63 ಸೆಂ.ಮೀ.ಗೆ ಅದೇ ಶ್ರುತಿ ಕೇಳಿದರೆ ಪಟ್ಟೆಂದು ಹರಿದೀತು. ಇನ್ನೂ ತೆಳ್ಳಗಿನ ತಂತಿ ಹಾಕಿದರಾಯಿತಲ್ಲ ಎನ್ನುವಿರಾ? ಅಲ್ಲೇ ಇರುವುದು ಚಮತ್ಕಾರ. ತೆಳು ತಂತಿಗೆ ಎಳೆತ ಕಡಿಮೆ ಸಾಕು, ನಿಜ. ಅದರ ಬಲವೂ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗಿರುತ್ತದೆ. ತಂತಿ ಯಾವ ಶ್ರುತಿಗೆ ಹರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಉದ್ದ ಮತ್ತು ಅದನ್ನು ಮಾಡಿದ ವಸ್ತು; ದಪ್ಪಕ್ಕೆ ಅಲ್ಲಿ ಮಾತೇ ಇಲ್ಲ. ಹಾಗಾಗಿ ನಮ್ಮ ಹುಡುಗ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಳ್ಳಬೇಕು.

ಹಲಗೆ ಬಿಚ್ಚುವ ಮಧ್ಯಾಹ್ನ

ತಂತಿಗಳನ್ನು ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸಿ ತೆಗೆಯಬೇಕು. ಒಂದೇ ಕಡೆಯದನ್ನು ಪೂರ್ತಿ ಬಿಚ್ಚಿದರೆ ಹಲಗೆ ತಿರುಚಿಕೊಳ್ಳುತ್ತದೆ. ಹನ್ನೊಂದು ತಂತಿಗಳ ಒಟ್ಟು ಎಳೆತ 35–40 ಕಿಲೋಗ್ರಾಂ ತೂಕದಷ್ಟು. ಅದನ್ನು ತಡೆದು ನಿಲ್ಲುವ ಹಲಗೆಯ ದಪ್ಪ ಎರಡು ಮಿಲಿಮೀಟರಿಗಿಂತ ಕಡಿಮೆ ಎಂದರೆ ನಂಬುವುದು ಕಷ್ಟ. ಅದು ಸ್ಪ್ರೂಸ್ ಎಂಬ ಚಳಿದೇಶದ ಮರ. ಹಲಗೆಯ ಹಿಂದೆ ಅಡ್ಡಡ್ಡ ಪಟ್ಟಿಗಳಿರುತ್ತವೆ, ಭಾರ ಹೊರುವವು ಅವೇ.

ಹಳೆಯ ಕುಶಲಿಗಳು ಬಳಸುತ್ತಿದ್ದುದು ಪ್ರಾಣಿಯ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಒಣಗಿದಾಗ ಕಲ್ಲಿನ ಹಾಗೆ. ಬಿಸಿ ಮತ್ತು ತೇವ ತಾಗಿದರೆ ಮತ್ತೆ ಬೆಲ್ಲದ ಪಾಕದ ಹಾಗೆ ಕರಗುತ್ತದೆ. ತೆಳ್ಳನೆಯ ಮೊಂಡು ಚಾಕುವನ್ನು ಹದವಾಗಿ ಬಿಸಿಮಾಡಿ, ತುದಿಗೆ ಒಂದೆರಡು ಹನಿ ನೀರು ತಾಗಿಸಿ, ಹಲಗೆ ಮತ್ತು ಬುರುಡೆಯ ಸಂದಿಗೆ ತೂರಿಸಿ ಕಾಯಬೇಕು. ಬಲ ಹಾಕಬಾರದು. ಅಂಟು ಬಿಡುವ ಸಣ್ಣ ಚಟಪಟ ಸದ್ದು ಕೇಳುತ್ತದೆ, ಚಾಕು ಒಂದು ಬೆರಳಿನಷ್ಟು ಮುಂದೆ ಹೋಗುತ್ತದೆ. ಸುತ್ತ ಒಂದು ಪ್ರದಕ್ಷಿಣೆ ಮುಗಿಸಲು ಒಂದು ಮಧ್ಯಾಹ್ನ ಬೇಕು. ಇಂದಿನ ಅಗ್ಗದ ಊದ್‌ಗಳಲ್ಲಿ ಕಾರ್ಖಾನೆಯ ಅಂಟು ಬಳಸಿರಬಹುದು. ಅದು ನೀರಿಗೆ ಜಗ್ಗುವುದಿಲ್ಲ. ಚಾಕು ಮುಂದೆ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸುವುದು ಜಾಣತನ. ಹಟ ಹಿಡಿದರೆ ಹಲಗೆಯ ಜೊತೆ ಬುರುಡೆಯ ಅಂಚೂ ಚೂರಾಗುತ್ತದೆ.

ಹಲಗೆ ಎದ್ದು ಬಂದಮೇಲೆ ಹಳೆಯ ದಂಡಿಯನ್ನು ಬುರುಡೆಯ ಒಳಗಿನ ಮರದ ದಿಮ್ಮಿಯಿಂದ ಬಿಡಿಸಬೇಕು. ಹೊಸ ದಂಡಿಯನ್ನು ಅದೇ ಜಾಗಕ್ಕೆ ಒಪ್ಪವಾಗಿ ಕೂರಿಸಬೇಕು. ಕಡುಕಷ್ಟದ ಹಂತ ಇದೇ. ದಂಡಿ ಒಂದು ಡಿಗ್ರಿಯಷ್ಟು ಓರೆಯಾದರೂ ತಂತಿ ಹಲಗೆಯಿಂದ ಬೆರಳೆತ್ತರಕ್ಕೆ ಏರಿ ಕೂರುತ್ತದೆ ಅಥವಾ ಮೆಟ್ಟಿಲಿಗೆ ಬಡಿದು ಗರಗರ ಎನ್ನುತ್ತದೆ. ಅನುಭವಿ ಬಡಗಿಯೊಬ್ಬರು ಪಕ್ಕದಲ್ಲಿ ಕೂರದೆ ಹೈಸ್ಕೂಲಿನ ಹುಡುಗರು ಇದಕ್ಕೆ ಕೈಹಾಕುವುದು ಬೇಡ, ತಂದೆತಾಯಿಗಳು ಇಷ್ಟನ್ನು ನೋಡಿಕೊಳ್ಳಬೇಕು. ಬಿರಡೆ ಪೆಟ್ಟಿಗೆಯನ್ನು ಬದಲಿಸಲೇಬೇಕೆಂದಿಲ್ಲ. ಊದ್‌ನದು ಕುಡುಗೋಲಿನಂತೆ ಬಾಗಿದ್ದು, ಲ್ಯೂಟ್‌ನದು ಬಹುಮಟ್ಟಿಗೆ ಲಂಬಕೋನದಲ್ಲಿ ಮುರಿದಂತಿರುತ್ತದೆ. ನೋಟ ಬೇರೆ, ಕೆಲಸ ಒಂದೇ.

ಹೊಸ ಹಲಗೆಗೆ ಒಂದೂವರೆ ಮಿಲಿಮೀಟರ್ ದಪ್ಪ ಸಾಕು. ಊದ್‌ನಲ್ಲಿ ಜಾಲರಿಯನ್ನು ಬೇರೆ ಕೆತ್ತಿ ರಂಧ್ರಕ್ಕೆ ಕೂರಿಸುತ್ತಾರೆ. ದೊಡ್ಡದೊಂದು, ಪಕ್ಕದಲ್ಲಿ ಚಿಕ್ಕವೆರಡು ಇರುವುದೂ ಉಂಟು. ಲ್ಯೂಟ್‌ನಲ್ಲಿ ಒಂದೇ ಜಾಲರಿ, ಅದನ್ನು ಹಲಗೆಯ ಮರದಲ್ಲೇ ಕೊರೆಯುತ್ತಾರೆ. ಹೂವಿನ ಹಾಗೆ ಕಾಣುವುದರಿಂದ ಅದಕ್ಕೆ ಗುಲಾಬಿ ಎಂದೇ ಹೆಸರು. ಹಳೆಯ ಲ್ಯೂಟ್‌ಗಳ ಗುಲಾಬಿಯನ್ನು ಗಮನಿಸಿ ನೋಡಿದರೆ ನಗು ಬರುತ್ತದೆ. ಹೆಣೆದುಕೊಂಡು ಹೋಗುವ ಗಂಟುಗಳು, ನಕ್ಷತ್ರಗಳು, ಆದಿ ಅಂತ್ಯ ಕಾಣದ ಪಟ್ಟಿಗಳು. ಮಸೀದಿಗಳ ಕಿಟಕಿಯಲ್ಲಿ ಕಾಣುವ ಅದೇ ಅರಬ್ಬಿ ಜ್ಯಾಮಿತಿ. ಲ್ಯೂಟ್‌ನಲ್ಲಿ ಅಪ್ಪಟ ಯೂರೋಪಿನದೆಂದು ನಾವು ಮೆಚ್ಚಿಕೊಳ್ಳುವ ಭಾಗದಲ್ಲೇ ತಾಯಿಯ ಮುಖ ಅಚ್ಚೊತ್ತಿದೆ.

ಇಷ್ಟೆಲ್ಲ ಮಾಡಿದ ಮೇಲೆ ಅದು ನಿಜವಾದ ಲ್ಯೂಟ್ ಆಗುತ್ತದೆಯೇ? ಪೂರ್ತಿ ಆಗುವುದಿಲ್ಲ. ಊದ್‌ನ ಬುರುಡೆ ಅಗಲ, ಆಳವೂ ಹೆಚ್ಚು, ಪಟ್ಟಿಗಳೂ ದಪ್ಪ. ಒಳ್ಳೆಯ ಲ್ಯೂಟ್ ಇಡೀ ವಾದ್ಯವೇ ಒಂದು ಕಿಲೋಗಿಂತ ಹಗುರ, ಕೈಗೆತ್ತಿಕೊಂಡರೆ ಖಾಲಿ ಬುಟ್ಟಿಯ ಹಾಗೆ. ಬದಲಾಯಿಸಿದ ವಾದ್ಯದಲ್ಲಿ ಮಂದ್ರ ತುಂಬಿಕೊಂಡು ಗುಂಯ್ ಎನ್ನುತ್ತದೆ, ತಾರಸ್ಥಾಯಿ ಸ್ವಲ್ಪ ಮಂಕು. ದಂಡಿ ಬದಲಾಯಿಸಬಹುದು, ಬುರುಡೆಯ ಧ್ವನಿಯನ್ನು ಬದಲಾಯಿಸಲು ಬರುವುದಿಲ್ಲ. ಕಲಿಯುವವನಿಗೆ ಮೂರು ನಾಲ್ಕು ವರ್ಷ ಧಾರಾಳವಾಗಿ ಸಾಕು. ಡೌಲೆಂಡನ (1563–1626) ಸುಲಭದ ರಚನೆಗಳನ್ನು ಅದರಲ್ಲೇ ಅಭ್ಯಾಸ ಮಾಡಬಹುದು.

ಜಲ್ಜಲ್ ಎಂಬ ಮಹನೀಯನ ಬೆರಳು

ಧ್ವನಿಗಿಂತ ದೊಡ್ಡದೊಂದು ನಷ್ಟವಿದೆ. ಅದನ್ನು ಹೇಳದೆ ಹೋದರೆ ಲೆಕ್ಕ ಅರ್ಧವಾಗುತ್ತದೆ.

8ನೇ ಶತಮಾನದ ಬಾಗ್ದಾದಿನಲ್ಲಿ ಜಲ್ಜಲ್ ಎಂಬ ಹೆಸರಾಂತ ಊದ್ ವಾದಕನಿದ್ದ. ಅವನು ನಡುಬೆರಳನ್ನು ತಂತಿಯ ಮೇಲೆ ವಿಚಿತ್ರವಾದ ಜಾಗದಲ್ಲಿ ಇಡುತ್ತಿದ್ದ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ಎರಡರ ನಡುವೆ. ಕೇಳಿದವರಿಗೆ ಅದು ಹಿಡಿಸಿತು. 10ನೇ ಶತಮಾನದಲ್ಲಿ ಸಂಗೀತದ ಬೃಹತ್ ಗ್ರಂಥ ಬರೆದ ತತ್ವಜ್ಞಾನಿ ಅಲ್ ಫಾರಾಬಿ ಆ ಜಾಗಕ್ಕೆ ಜಲ್ಜಲನ ಹೆಸರನ್ನೇ ಇಟ್ಟು, 27ಕ್ಕೆ 22ರ ಪ್ರಮಾಣ ಎಂದು ಲೆಕ್ಕ ಕೊಟ್ಟ. ನಮ್ಮ 600 ಮಿ.ಮೀ. ತಂತಿಯಲ್ಲಿ ಅದು ಮೇರುವಿನಿಂದ 111 ಮಿ.ಮೀ. ದೂರ. ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಮೂರನೇ ಮೆಟ್ಟಿಲು 94.5ಕ್ಕೆ, ನಾಲ್ಕನೆಯದು 122.6ಕ್ಕೆ. ಜಲ್ಜಲನ ಬೆರಳು ಎರಡರ ನಡುವಿನ ಬಯಲಿನಲ್ಲಿ ನಿಂತಿದೆ. ಮೆಟ್ಟಿಲು ಕಟ್ಟಿದ ವಾದ್ಯದಲ್ಲಿ ಅವನು ಅಲ್ಲಿ ಒತ್ತಿದರೂ ಕೇಳುವುದು ನಾಲ್ಕನೇ ಮೆಟ್ಟಿಲಿನ ಸ್ವರವೇ.

ಇಂಥ ನಡುವಿನ ಸ್ವರಗಳು ಅರಬ್ಬಿ ಸಂಗೀತದಲ್ಲಿ ಇಂದಿಗೂ ಜೀವಂತವಾಗಿವೆ. ರಾಸ್ತ್ ಎಂಬ ಅವರ ಮುಖ್ಯ ಮಕಾಮಿನ (ನಮ್ಮ ರಾಗದಂಥದ್ದು) ಜೀವಾಳವೇ ಅದು. ಬೋಳು ದಂಡಿಯಲ್ಲಿ ಎಲ್ಲಿ ಒತ್ತಬೇಕೆಂದು ಪ್ರತಿ ಸಲವೂ ವಾದಕನ ಕಿವಿ ತೀರ್ಮಾನಿಸುತ್ತದೆ. ಮೆಟ್ಟಿಲು ಬಂದ ದಿನ ಆ ತೀರ್ಮಾನ ದಂಡಿಗೆ ಗಂಟು ಹಾಕಿದವನ ಕೈಗೆ ಹೋಗುತ್ತದೆ. ಹಲವು ಎಳೆಗಳನ್ನು ಒಟ್ಟಿಗೆ ನುಡಿಸುವ ಭಾಗ್ಯಕ್ಕೆ ಯೂರೋಪು ಈ ಬೆಲೆ ತೆತ್ತಿತು. ನಮ್ಮ ದೇಶದಲ್ಲಿ ನಡೆದದ್ದು ತದ್ವಿರುದ್ಧ. ಅಫ್ಘಾನಿಸ್ತಾನದಿಂದ ಬಂದ ರಬಾಬ್‌ಗೆ ಕರುಳಿನ ಮೆಟ್ಟಿಲುಗಳಿದ್ದವು. 19ನೇ ಶತಮಾನದಲ್ಲಿ ಉತ್ತರ ಭಾರತದ ವಾದಕರು ಅವನ್ನು ಕಿತ್ತು ಲೋಹದ ತಗಡು ಹೊದಿಸಿ ಸರೋದ್ ಮಾಡಿಕೊಂಡರು, ಮೀಂಡ್ ಎಳೆಯಲು ಜಾಗ ಬೇಕಲ್ಲ! ನಮ್ಮ ರಾಜೀವ ತಾರಾನಾಥರ (1932–2024) ಸರೋದ್ ಕೇಳಿದವರಿಗೆ ಆ ಬೋಳು ತಗಡಿನ ಸುಖ ವಿವರಿಸಬೇಕಾಗಿಲ್ಲ.

ಆದ್ದರಿಂದ ನನ್ನನ್ನು ಕೇಳಿದರೆ, ಸಂತೆಯಲ್ಲಿ ಊದ್ ಕೊಂಡ ಹುಡುಗ ಮೊದಲು ಉಳಿ ಹುಡುಕುವುದು ಬೇಡ. ಹಲಗೆ, ದಂಡಿ ಗಟ್ಟಿಯಾಗಿದ್ದರೆ ಏಳು ಮೆಟ್ಟಿಲು ಮಾತ್ರ ಕಟ್ಟಿ ನೋಡಲಿ. ನೈಲಾನ್ ಮೀನುಗಾಳದ ದಾರವೂ ಆದೀತು. ಮೊದಲ ಮೆಟ್ಟಿಲಿಗೆ ಒಂದು ಮಿಲಿಮೀಟರ್ ದಪ್ಪದ್ದು, ಮುಂದೆ ಮುಂದೆ ತೆಳ್ಳಗಿನದು. ತಂತಿಗಳು ಮೆಟ್ಟಿಲಿಗೆ ಬಡಿಯದಂತೆ ಮೇರುವನ್ನು ಸ್ವಲ್ಪ ಎತ್ತರಿಸಬೇಕು. ಒಂಟಿ ತಂತಿಯನ್ನು ತಾರದ ಕಡೆಗೆ ಬದಲಾಯಿಸಿಕೊಳ್ಳಬೇಕು. ಒಂದು ವರ್ಷ ಅದರಲ್ಲಿ ಕಲಿಯಲಿ. ಲ್ಯೂಟ್ ಒಗ್ಗಲಿಲ್ಲವೆಂದರೆ ಕತ್ತರಿ ತಂದು ಏಳು ಗಂಟು ಕತ್ತರಿಸಿದರೆ ಊದ್ ಹಿಂದಿನಂತೆಯೇ ಇರುತ್ತದೆ. ಯಾರಿಗೆ ಗೊತ್ತು, ಅಷ್ಟು ಹೊತ್ತಿಗೆ ಅವನ ಕಿವಿಗೆ ಜಲ್ಜಲ್ ಹಿಡಿಸಿದ್ದರೂ ಹಿಡಿಸಿರಬಹುದು.

ಒಗ್ಗಿತು, ಎಂಟನೇ ಮೆಟ್ಟಿಲು ಬೇಕೇ ಬೇಕು ಎಂದರೆ ಆಗ ಚಾಕು ಬಿಸಿಮಾಡಲಿ. ಹೊಸ ಹಲಗೆಯನ್ನೂ ಚರ್ಮದ ಅಂಟಿನಿಂದಲೇ ಕೂರಿಸಲಿ; ಮುಂದೆ ಬಿಚ್ಚುವವನು ಒಬ್ಬ ಬಂದೇ ಬರುತ್ತಾನೆ. ಬಿಡಿಸಿದ ದಂಡಿ, ಸೀಳಿದ ಹಲಗೆ, ಜಾಲರಿ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ವಾದ್ಯದ ಜೊತೆಯಲ್ಲೇ ಇಡಲಿ. ಹಳೆಯ ಲ್ಯೂಟ್‌ಗಳನ್ನು ಮಾರ್ಪಡಿಸಿದ ಕುಶಲಿಗಳಲ್ಲಿ ಒಂದು ಒಳ್ಳೆಯ ರೂಢಿಯಿತ್ತು. ಮೊದಲು ಮಾಡಿದವನ ಚೀಟಿಯನ್ನು ಕೀಳದೆ ಬುರುಡೆಯ ಒಳಗೇ ಬಿಟ್ಟು, ತಮ್ಮದನ್ನೂ ಅಂಟಿಸುತ್ತಿದ್ದರು: ಇಂಥವನು, ಇಂಥ ಊರು, ಇಂಥ ಇಸವಿ. ಅರಬ್ಬಿ ಚೀಟಿಯ ಪಕ್ಕದಲ್ಲಿ ಹುಡುಗನ ಚೀಟಿಗೂ ಜಾಗವಿರುತ್ತದೆ. ಹಲಗೆ ಮುಚ್ಚುವ ಮುಂಚೆ ಹಿಜರಿ ಇಸವಿಯನ್ನೂ ಲೆಕ್ಕ ಹಾಕಿ ಬರೆದುಕೊಳ್ಳಲಿ.